ಸೊನ್ನೆ ಬರೆಯುತ್ತಿದ್ದ ನಾಗಪ್ಪ ಸರ್

ನಾಗಪ್ಪ ಸರ್ ಯಾವುದನ್ನೂ ಸುಮ್ಮನೆ ಎಣಿಸಿದವರಲ್ಲ. ತೆಲುಗು ಸೀಮೆಯ ಗಡಿಯಲ್ಲಿದ್ದ ನಮ್ಮ ನೇಕಾರರ ಸಂಘಕ್ಕೆ ಸೀರೆಗಳ ಗಂಟು ಬಂದರೆ ಮೊದಲು ಊರೂರಿಗೆ ಬೇರೆ ಮಾಡುತ್ತಿದ್ದರು, ಆಮೇಲೆ ಮನೆಮನೆಗೆ, ಕೊನೆಗೆ ರೇಷ್ಮೆ ಬೇರೆ, ಹತ್ತಿ ಬೇರೆ. ಮದುವೆಗೆ ಹೋದರೂ ಅದೇ ಚಾಳಿ. ಪಂಕ್ತಿಯಲ್ಲಿ ಗದ್ವಾಲದವರೆಷ್ಟು, ಅವರಲ್ಲಿ ಹೆಣ್ಣಿನ ಕಡೆಯವರೆಷ್ಟು ಎಂದು ಲೆಕ್ಕ ಹಾಕುತ್ತ ಕೂಡುತ್ತಿದ್ದರು. "ಸರ್, ಹೋಳಿಗಿ ಆರಾಕ ಹತ್ತೈತ್ರೀ" ಎಂದರೆ ಕೇಳಿಸುತ್ತಲೇ ಇರಲಿಲ್ಲ.

ಸಂಘದ ಕಚೇರಿಗೆ ಹೊಸದಾಗಿ ಸೇರಿದ್ದ ನನಗೆ ಕಂಪ್ಯೂಟರಿನಲ್ಲಿ ತಿಂಗಳ ವರದಿ ತೆಗೆಯುವುದನ್ನು ಕಲಿಸಿದವರು ಅವರೇ. "ನೋಡಮ್ಮ, ಮೊದಲು ಊರಿನ ಕಾಲಂ ಹಾಕು. ಅದರ ಕೆಳಗ ನೇಕಾರರ ಹೆಸರು, ಅದರ ಕೆಳಗ ಸೀರಿ. ಉಲ್ಟಾ ಹಾಕಿದ್ರ ಒಂದಾ ಊರು ಹತ್ತು ಕಡಿ ಹರಿದು ಬೀಳ್ತೈತಿ." ಸಾಫ್ಟ್‌ವೇರ್ ತಾನೇ ಗುಂಪು ಮಾಡಿ, ಪ್ರತಿ ಗುಂಪಿನ ಕೆಳಗೆ ಮೊತ್ತ ಕೂಡಿಸಿ ಕೊಡುತ್ತಿತ್ತು. ಅದನ್ನು ಕಂಡು ಸರ್ ಹಿಗ್ಗಿಹೋಗಿದ್ದರು.

ಆ ಹಿಗ್ಗು ಇಳಿದದ್ದು ಲಕ್ಷ್ಮಮ್ಮನ ಕೈ ಮುರಿದಾಗ. ಸರ್ ಅವರ ಹುಟ್ಟೂರು ಮಕ್ತಲ್ ಕಡೆ; ಅಲ್ಲಿ ಉಳಿದಿದ್ದದ್ದು ಆಕೆಯದೊಂದೇ ಮಗ್ಗ. ಆ ತಿಂಗಳು ಅಲ್ಲಿಂದ ಸೀರೆ ಬರಲಿಲ್ಲ. ಸೀರೆ ಇಲ್ಲದ ಊರಿಗೆ ಗುಂಪೂ ಇಲ್ಲ. ವರದಿಯಿಂದ ಊರಿನ ಹೆಸರೇ ಮಾಯವಾಯಿತು. ನೂಲು ಹಂಚುವ ಮೇಲಿನ ಕಚೇರಿಯವರು ನೋಡುತ್ತಿದ್ದದ್ದು ಆ ವರದಿಯೊಂದನ್ನೇ. ಊರಿಗೆ ನೂಲು ನಿಂತಿತು.

ಅಂದಿನಿಂದ ಸರ್ ವರದಿಯ ತುದಿಗೆ ತಾವೇ ಒಂದು ಸಾಲು ಸೇರಿಸತೊಡಗಿದರು: ಊರು, ಲಕ್ಷ್ಮಮ್ಮ, ಸೊನ್ನೆ. ಮೇಲಿನವರು ಅದನ್ನು ಪ್ರತಿ ಸಲ ತೆಗೆದುಹಾಕುತ್ತಿದ್ದರು. ಸರ್ ಫೋನಿನಲ್ಲಿ ಗೋಗರೆಯುತ್ತಿದ್ದರು. "ಸೊನ್ನಿ ಅಂದ್ರ ಮನಷ್ಯಾರು ಇಲ್ಲ ಅಂತಲ್ಲರೀ ಸಾಹೇಬ್ರ. ಆಕಿ ಕೈ ಕೂಡೈತಿ. ನೂಲು ಬರ್ಲಿ ಅಂತ ಕುಂತಾಳ." ಆ ಕಡೆಯವರು ತೆಲುಗಿನಲ್ಲಿ ಹೇಳಿದ್ದು ಇಷ್ಟೇ: ಆ ಸಾಲು ಇದ್ದರೂ ಇಲ್ಲದಿದ್ದರೂ ಮೊತ್ತ ಒಂದೇ, ಸುಮ್ಮನೆ ತಲೆ ತಿನ್ನಬೇಡಿ.

ಒಂದು ಸೋಮವಾರ ಸರ್ ಊರಿಗೆ ಹೋಗಿ ಬಂದರು. ಚಹಾ ಮುಂದಿಟ್ಟರೆ ಮುಟ್ಟಲಿಲ್ಲ. "ಕಾಲು ಇಳಿಬಿಟ್ಟು ನೇಯೋ ಮಗ್ಗದ ಕುಣಿ ಮುಚ್ಚ್ಯಾರಮ್ಮ. ಮ್ಯಾಲೆ ಸಗಣಿ ಸಾರಿಸ್ಯಾರ. ಲಕ್ಷ್ಮಮ್ಮ ಹತ್ತಿ ಬಿಡಿಸಾಕ ಹೋಗ್ಯಾಳ" ಎಂದರು. ಆ ತಿಂಗಳ ವರದಿಗೆ ಸೊನ್ನೆಯ ಸಾಲು ಸೇರಿಸಲಿಲ್ಲ. ಸೇರಿಸಿ ಎಂದು ಹೇಳುವ ಧೈರ್ಯ ನನಗೂ ಬರಲಿಲ್ಲ.

ನಿವೃತ್ತರಾದ ಮೇಲೆ ಅವರನ್ನು ಕಂಡದ್ದು ಒಮ್ಮೆ ಮಾತ್ರ, ನಾರಾಯಣಪೇಟೆ ಬಸ್ ನಿಲ್ದಾಣದಲ್ಲಿ. ರಾಯಚೂರಿನ ಆಸ್ಪತ್ರೆಗೆ ಹೊರಟಿದ್ದರು. ಗುರುತು ಸಿಗದಷ್ಟು ಇಳಿದುಹೋಗಿದ್ದರು.

"ರಿಪೋರ್ಟ್ ಕಳಿಸಿದೇನಮ್ಮ?"

"ಕಳಿಸೀನ್ರೀ ಸರ್."

"ನಮ್ಮೂರು?"

"ಇಲ್ರೀ."

"ಟೋಟಲ್ ಸರಿ ಬಂತೇನು?"

"ಬಂತ್ರೀ."

"ಬರ್ತೈತಮ್ಮ," ಎಂದರು, ಚೀಲ ಹೆಗಲಿಗೇರಿಸುತ್ತ. "ಊರಾ ಹೋದ್ರೂ ಅದು ಸರಿ ಬರ್ತೈತಿ."

ರಾಯಚೂರಿನಿಂದ ಸರ್ ತಿರುಗಿ ಬರಲಿಲ್ಲ. ಸುದ್ದಿ ಮುಟ್ಟಿದಾಗ ನಾನು ತಿಂಗಳ ವರದಿ ತೆಗೆಯುತ್ತಿದ್ದೆ. ಕಣ್ಣು ಒರೆಸಿಕೊಂಡು, ಊರು ಹಾಕಿದೆ, ಹೆಸರು ಹಾಕಿದೆ, ಸೀರೆ ಹಾಕಿದೆ. ಹಾಳಾದ್ದು, ಮೊತ್ತ ಸರಿಯಾಗಿಯೇ ಬಂತು.