ಬೀಗ ಹಾಕಿದ ಥಿನ್ನರ್

ಅವನು ಬಣ್ಣ ಹೊಡೆದ ಕಾರಿನ ಬಾಗಿಲಲ್ಲಿ ಮುಖ ನೋಡಿಕೊಂಡು ಮೀಸೆ ತೀಡಬಹುದು. ಹಾಗಾಗಿ ಗ್ಯಾರೇಜುಗಳ ಸಾಲಿನಲ್ಲಿ ಎಲ್ಲರೂ ಅವನನ್ನು ಕರೆಯುವುದು ‘ಕನ್ನಡಿ’ ಎಂದೇ. ಹೆಂಡತಿಯ ತಮ್ಮನೊಂದಿಗೆ ಶೆಡ್ ನಡೆಸುತ್ತಾನೆ. ಭಾವಮೈದುನ ತಗ್ಗಿದ ತಗಡನ್ನು ಬಡಿದು ಸರಿಮಾಡುತ್ತಾನೆ, ಕನ್ನಡಿ ಸ್ಪ್ರೇ ಗನ್ ಹಿಡಿಯುತ್ತಾನೆ.

ಈ ಬೇಸಿಗೆಯಲ್ಲಿ ಗನ್ ಹಿಡಿದ ಸ್ವಲ್ಪ ಹೊತ್ತಿಗೇ ದಣಿಯತೊಡಗಿದ. ಒಮ್ಮೆ ಬಗ್ಗಿ ಎದ್ದವನು ತಲೆ ಸುತ್ತಿ ಹಸಿ ಬಣ್ಣದ ಮೇಲೇ ಅಂಗೈ ಊರಿದ. ಕೊಡಗಟ್ಟಲೆ ನೀರು ಕುಡಿದರೂ ನಾಲಿಗೆ ಒಣ. ಬಾಯಿ ತೆರೆದರೆ ಬಣ್ಣ ತೆಳುಮಾಡುವ ಥಿನ್ನರ್‌ನ ವಾಸನೆ.

“ಭಾವ, ಥಿನ್ನರ್ ಇರೋದು ಬಣ್ಣಕ್ಕೆ, ನಶೆಗಲ್ಲ,” ಎಂದ ಭಾವಮೈದುನ.

“ಏನೋ ನಿನ್ನ ಮಾತಿನ ಅರ್ಥ?”

“ನಿಮಗೇ ಗೊತ್ತು. ಸುತ್ತೋ ತಲೆಗೆ ಗನ್ ಕೊಡಲ್ಲ.”

ಥಿನ್ನರ್ ಡಬ್ಬಗಳೂ ಗನ್ನೂ ಬೀರು ಸೇರಿ ಬೀಗ ಬಿತ್ತು. ಕನ್ನಡಿ ಮನೆ ಸೇರಿ ಹೆಂಡತಿಯ ಹತ್ತಿರ ದೂರಿದ: “ನನ್ನ ಗನ್ ಮೇಲೆ ನಿನ್ನ ತಮ್ಮನಿಗೆ ಮೊದಲಿಂದ್ಲೂ ಕಣ್ಣು.”

“ಅವನ ಕಣ್ಣು ಸರಿಯಾಗೇ ಇದೆ. ನಿಮ್ಮ ಮೂಗೇ ಕೆಟ್ಟಿರೋದು.”

ಶೆಡ್ಡಿಗೆ ಹೋಗದೆ ವಾರ ಕಳೆದರೂ ವಾಸನೆ ಹೋಗಲಿಲ್ಲ. ಆಕೆ ಅಟ್ಟ ಜಾಲಾಡಿದಳು, ಚಪ್ಪಲಿ ಗೂಡು ಬಗೆದಳು, ದಿಂಬಿನ ಹತ್ತಿಯನ್ನೂ ಬಿಡಲಿಲ್ಲ. ಗಂಡ ಪದೇಪದೇ ಬಚ್ಚಲಿಗೆ ಹೋಗುವುದು ಕದ್ದು ಮೂಸಲಿಕ್ಕೇ ಎಂದುಕೊಂಡು ಬಾಗಿಲಿಗೆ ಕಿವಿಯಿಟ್ಟಳು. ಕೇಳಿಸಿದ್ದು ನೀರಿನ ಸದ್ದು ಮಾತ್ರ. ಅಂಗಿ, ಬೆರಳು ಎಲ್ಲ ಸೋಪಿನ ವಾಸನೆ. ಉಸಿರು ಮಾತ್ರ ಥಿನ್ನರ್.

“ಎಲ್ಲಿ ಬಚ್ಚಿಟ್ಟಿದ್ದೀರಿ?”

“ಹೊಟ್ಟೇಲಿ. ಕೊಯ್ದು ನೋಡು.”

ಕೊಯ್ಯುವ ಬದಲು ಆಕೆ ಅವನನ್ನು ಆಸ್ಪತ್ರೆಗೆ ಎಳೆದೊಯ್ದಳು. “ಕದ್ದು ಥಿನ್ನರ್ ಮೂಸ್ತಾರೆ, ಇವರ ಬಾಯಿಂದ ನಿಜ ಹೊರಡ್ಸಿ ಡಾಕ್ಟ್ರೇ.”

ಡಾಕ್ಟರು ಬಗ್ಗಿ ಮೂಸಿದರು. ನಶೆಯ ಮಾತೇ ಎತ್ತಲಿಲ್ಲ. ರಾತ್ರಿ ಎಷ್ಟು ಸಲ ಏಳುತ್ತೀರಿ, ಪ್ಯಾಂಟು ಯಾವಾಗಿಂದ ಸಡಿಲ ಎಂದು ಕೇಳಿ, ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದರು.

“ಬಾಯಾರಿಕೆ, ತಲೆಸುತ್ತು ಅಂದ್ರೆ ನೂರೆಂಟು ಕಾರಣ. ಬಿಸಿಲು, ರಕ್ತ ಕಮ್ಮಿ ಇರೋದು, ಬಿಪಿ ಮಾತ್ರೆ, ಮುಚ್ಚಿದ ಶೆಡ್ಡಿನ ಗಾಳಿ, ಯಾವ್ದೂ ಇರಬಹುದು. ಇವರದು ಸಕ್ಕರೆ, ಮಿತಿಮೀರಿದೆ. ಸಕ್ಕರೆ ಬಳಸೋಕಾಗದ ಮೈ ಕೊಬ್ಬು ಕರಗಿಸುತ್ತೆ. ಆಗ ಹುಟ್ಟೋ ಅಸಿಟೋನ್ ಅನ್ನೋ ರಾಸಾಯನಿಕವೇ ಥಿನ್ನರ್‌ನಲ್ಲೂ ಇರುತ್ತೆ, ಅದಕ್ಕೇ ಆ ವಾಸನೆ. ಇವರು ಮೂಸಿಲ್ಲಮ್ಮ, ಇವರ ಮೈಯೇ ತಯಾರಿಸಿದೆ. ಇನ್ನೂ ತಡ ಮಾಡಿದ್ರೆ ಜೀವಕ್ಕೇ ಕುತ್ತು. ಈಗ್ಲೇ ಅಡ್ಮಿಟ್ ಮಾಡಿ.”

ಆಕೆ ಗಂಡನ ಕೈ ಹಿಡಿದವಳು ವಾರ್ಡಿನವರೆಗೂ ಬಿಡಲಿಲ್ಲ.

ಇನ್ಸುಲಿನ್ ಶುರುವಾಗಿ ಚೇತರಿಸಿಕೊಂಡ ಮೇಲೆ ಕನ್ನಡಿ ಶೆಡ್ಡಿಗೆ ಬಂದ. ಭಾವಮೈದುನ ಬೀಗ ತೆಗೆದು ಗನ್ ಎತ್ತಿಕೊಂಡ, ಕೊಡಲಿಲ್ಲ.

“ಉಸಿರು ಬಿಡಿ ಭಾವ.”

“ಬೆಳಿಗ್ಗೆ ನಿಮ್ಮಕ್ಕನ ತಪಾಸಣೆ ಆಯ್ತಲ್ಲೋ.”

“ಅಕ್ಕಂದು ಮನೇದು. ಇದು ಶೆಡ್ಡಿಂದು.”

ಕನ್ನಡಿ ಬಾಯಿ ತೆರೆದು ಅವನ ಮುಖಕ್ಕೇ ಊದಿದ. ಭಾವಮೈದುನ ಸಾಲದೆಂಬಂತೆ ಇನ್ನೊಮ್ಮೆ ಊದಿಸಿ, ಆಮೇಲೆ ಗನ್ ಕೈಗಿಟ್ಟ.