ಚಿಂದಿಯ ಹಸಿರು ಅಂಗಿ

ಪಕ್ಕದ ಮನೆಯವರು ಬಚ್ಚಲೊಲೆಗೆ ತೆಂಗಿನ ಗೆರಟೆ ಚಿಪ್ಪು ಹಾಕಿದರೆ ಸಾಕು, ನನ್ನ ಕೈಯ ಕೆಲಸ ನಿಂತುಬಿಡುತ್ತದೆ. ಕುಂದಾಪುರದ ಈ ಪುಟ್ಟ ಅಂಗಡಿಯಲ್ಲಿ ನಾನು ರವಿಕೆ ಹೊಲಿಯುತ್ತೇನೆ, ಗಿರಾಕಿಗಳು ಬೇಡವೆಂದು ಬಿಟ್ಟ ಬಟ್ಟೆಯಲ್ಲಿ ಊರಿನ ನಾಯಿ ಬೆಕ್ಕುಗಳಿಗೆ ಕೊರಳಪಟ್ಟಿ, ರಿಬ್ಬನ್ನಿನ ಬೋ, ಮಳೆಗಾಲದ ಅಂಗಿ ಮಾಡಿಕೊಡುತ್ತೇನೆ. ಗೆರಟೆ ಸುಡುವ ಆ ಸಿಹಿಸಿಹಿ ಘಾಟು ಕಿಟಕಿಯಿಂದ ಒಳಬಂದರೆ ಎದುರಿಗಿರುವ ಗಿರಾಕಿಯ ಮಾತು ಕಿವಿಗೆ ಬೀಳುವುದಿಲ್ಲ. ಮೂವತ್ತೈದು ವರ್ಷ ಹಿಂದಿನ ತ್ರಾಸಿಯ ಮನೆಯ ಚಾವಡಿಯಲ್ಲಿ ದೊಡ್ಡಮ್ಮ ಇಸ್ತ್ರಿ ಪೆಟ್ಟಿಗೆಗೆ ಗೆರಟೆಯ ಕೆಂಡ ತುಂಬಿ, ಬಾಯಲ್ಲಿ ನೀರು ಹಿಡಿದು, ಹೊಸ ರವಿಕೆಯ ಮೇಲೆ ಫುರ್ರೆಂದು ಉಗುಳುತ್ತಿರುತ್ತಾಳೆ. ಒದ್ದೆ ಹತ್ತಿಯ ಮೇಲೆ ಬಿಸಿ ಕಬ್ಬಿಣ ಹಾಯುವ ಸದ್ದು, ಅದರ ಹಿಂದೆಯೇ ಹೆದ್ದಾರಿ ದಾಟಿ ಬರುವ ಕಡಲಿನ ಸದ್ದು. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ. ಕರೆಯದೆ ಬರುತ್ತದೆ, ಬಂದ ಮೇಲೆ ಕೂತಲ್ಲಿ ಕೂರಲು ಬಿಡುವುದಿಲ್ಲ.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಮುಂಬಯಿಯಲ್ಲಿ ಹನ್ನೆರಡು ವರ್ಷ ಇದ್ದು, ಗಂಡ ತೀರಿಕೊಂಡ ಮೇಲೆ ಒಂದು ಹೊಲಿಗೆ ಯಂತ್ರ, ಒಂದು ಭಾರದ ಕತ್ತರಿ ಮತ್ತು ಅಲ್ಲಿನ ಹೆಂಗಸರ ಉಡುಪಿನ ನೂರೆಂಟು ನೆನಪುಗಳನ್ನು ಹೊತ್ತು ನಮ್ಮ ಮನೆಗೆ ಬಂದಳು. ಬಂದ ವಾರದಲ್ಲೇ ಕೋಳಿಗೂಡಿನ ತಂತಿಯನ್ನು ಅದೇ ಕತ್ತರಿಯಲ್ಲಿ ಕತ್ತರಿಸಲು ಹೋಗಿ ಅದರ ಬಾಯಿಗೆ ಹಲ್ಲು ಬೀಳಿಸಿಕೊಂಡಳು. ಅಂದಿನಿಂದ ಅವಳು ಕತ್ತರಿಸಿದ ಪ್ರತಿ ಬಟ್ಟೆಯ ಅಂಚಿನಲ್ಲೂ ಗೇಣಿಗೊಂದರಂತೆ ಅಕ್ಕಿಕಾಳಿನಷ್ಟು ಸಣ್ಣದೊಂದು ಕಚ್ಚು ಉಳಿಯುತ್ತಿತ್ತು. ಹೊಸ ಕತ್ತರಿ ಕೊಳ್ಳೆಂದರೆ, ಮುಂಬಯಿಯ ಉಕ್ಕು ಇಲ್ಲೆಲ್ಲಿ ಸಿಗುತ್ತದೆ ಎಂದು ಮೂಗು ಮುರಿಯುತ್ತಿದ್ದಳು. ಕಡಲ ಗಾಳಿಗೆ ಸೂಜಿಗಳು ಎರಡೇ ದಿನಕ್ಕೆ ತುಕ್ಕು ಹಿಡಿಯುತ್ತಿದ್ದವು. ಅದಕ್ಕೂ ಅವಳಲ್ಲಿ ಉಪಾಯವಿತ್ತು: ಬಾಚಣಿಗೆಯಲ್ಲಿ ಉಳಿದ ತನ್ನದೇ ಕೂದಲನ್ನು ಪುಟ್ಟ ಚೀಲಕ್ಕೆ ತುಂಬಿ, ಅದರಲ್ಲಿ ಸೂಜಿ ಚುಚ್ಚಿಡುತ್ತಿದ್ದಳು. ಕೂದಲಿಗಂಟಿದ ಎಣ್ಣೆ ಸೂಜಿಯನ್ನು ಕಾಯುತ್ತಿತ್ತು.

ಕೂತಲ್ಲಿ ಕೂರದ ಹೆಂಗಸು ಅವಳು. ಮನೆಯ ಎದುರಿಗೇ ಬಸ್ಸು ನಿಲ್ಲುತ್ತಿತ್ತು. ಇಳಿದವಳು ಹೊಸ ಬಗೆಯ ರವಿಕೆ ತೊಟ್ಟಿದ್ದರೆ ಯಂತ್ರವನ್ನು ಅರ್ಧ ಹೊಲಿಗೆಯಲ್ಲೇ ಬಿಟ್ಟು ದೊಡ್ಡಮ್ಮ ಅಂಗಳಕ್ಕೆ ಹಾರುತ್ತಿದ್ದಳು. “ಹ್ವಾಯ್, ಚೂರ್ ನಿಲ್ಲಿ ಕಾಂಬ! ಒಂದ್ಸಲ ಬೆನ್ನ್ ತಿರ್ಸಿ!” ಗುರುತು ಪರಿಚಯವಿಲ್ಲದ ಆ ಹೆಂಗಸು ಗಾಬರಿಯಾಗಿ “ಎಂತಕೆ?” ಎಂದರೆ, “ಕುತ್ಗೆ ಕಾಂಬುಕೆ” ಎಂದು ಸಲೀಸಾಗಿ ಹೇಳುತ್ತಿದ್ದಳು. ಆಮೇಲೆ ಒಳಗೆ ಓಡಿಬಂದು ಚಾವಡಿಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಆ ಕುತ್ತಿಗೆಯ ಕಮಾನು ಬರೆದಿಡುತ್ತಿದ್ದಳು. ನಮ್ಮ ಅಮ್ಮ ಅದನ್ನು ಮೆಟ್ಟದೆ ದಾಟುವುದು ಕಲಿತಿದ್ದಳು, “ಇವ್ಳಿಗೆ ಮರ್ಲ್” ಎಂದು ಗೊಣಗುವುದನ್ನಂತೂ ಬಿಟ್ಟಿರಲಿಲ್ಲ. ಮೀನು ಬುಟ್ಟಿಯಲ್ಲಿ ಬಂಗುಡೆಯ ಬೆನ್ನು ಕಂಡರೆ ಅದರ ನೀಲಿ ಹಸಿರಿಗೆ ಯಾವ ನೂಲು ಹೊಂದುತ್ತದೆಂದು ಅವಳಿಗೆ ಚಿಂತೆ. ಮೀನು ಮಾರುವವಳು ಕಾದು ಕಾದು ಬೇಸತ್ತು ಹೋಗುತ್ತಿದ್ದಳು, ಮಧ್ಯಾಹ್ನದ ಸಾರಿಗೆ ಮೀನೇ ಇರುತ್ತಿರಲಿಲ್ಲ.

ಅವಳ ನಿಜವಾದ ಗುರು ಮಾತ್ರ ನಮ್ಮ ಬೆಕ್ಕು. ಬಿಳಿ, ಕಪ್ಪು, ಕೇಸರಿ ತೇಪೆಗಳನ್ನು ಯಾರೋ ಅವಸರದಲ್ಲಿ ಜೋಡಿಸಿದ ಹಾಗಿದ್ದುದರಿಂದ ಅದಕ್ಕೆ ಚಿಂದಿ ಎಂದು ಹೆಸರಿಟ್ಟವಳೂ ದೊಡ್ಡಮ್ಮನೇ. ಕೇಸರಿಯ ಪಕ್ಕ ಕಪ್ಪು ಎಷ್ಟಿರಬೇಕು, ನಡುವೆ ಬಿಳಿ ಎಲ್ಲಿ ಬೇಕು ಎಂದು ಗೊಂದಲವಾದರೆ ಚಿಂದಿಯನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡು ಅದರ ಬೆನ್ನು ನೋಡುತ್ತಿದ್ದಳು. ಮನೆಯ ಹೆಂಗಸರ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ಚೂರುಗಳನ್ನು ಜೋಡಿಸಿ ಅವಳು ಹೊಲಿಯುತ್ತಿದ್ದ ಹೊದಿಕೆ ಹೀಗೆ ಆ ಬೆಕ್ಕಿನ ಮೈಬಣ್ಣದ ಲೆಕ್ಕದಲ್ಲೇ ಬೆಳೆಯುತ್ತಿತ್ತು. ಅವಳಿಗೆ ಎರಡು ನೇಮಗಳಿದ್ದವು. ಒಂದು, ಹರವಿದ ಬಟ್ಟೆಯ ಮೇಲೆ ಚಿಂದಿ ಮಲಗಿದರೆ ಎಬ್ಬಿಸುವಂತಿಲ್ಲ. “ಅದ್ ಎದ್ದ್ ಹೋಪತನ್ಕ ಕಾಯ್ಕ್. ಅವಸರದಗೆ ಕತ್ರಿ ಹಾಕಿದ್ರೆ ಬಟ್ಟೆ ಹಾಳಾತ್ತ್” ಎನ್ನುತ್ತಿದ್ದಳು. ಅವಳ ಕೈ ನಿಲ್ಲುತ್ತಿದ್ದುದು ಆ ಹೊತ್ತು ಮಾತ್ರ. ಇನ್ನೊಂದು, ಗಿರಾಕಿಯ ಬಟ್ಟೆಯಲ್ಲಿ ಉಳಿದ ಚೂರು ಗಿರಾಕಿಯದೇ. ಬೆರಳಗಲದ್ದಾದರೂ ಮಡಚಿ ರವಿಕೆಯ ಜತೆ ಕಟ್ಟಿ ಕೊಡಬೇಕು. ಅವರಾಗಿಯೇ “ಇಟ್ಕಣಿ” ಎಂದರೆ ಮಾತ್ರ ಅದು ಹೊದಿಕೆಗೆ.

ನನಗೆ ಆಗ ಒಂಬತ್ತು. ಹಾಲಾಡಿ ಕಡೆಯ ಹೆಂಗಸೊಬ್ಬರು ಮಗಳ ಮದುವೆಗೆಂದು ಗಿಳಿಹಸಿರು ರೇಷ್ಮೆಯ ರವಿಕೆಬಟ್ಟೆ ಕೊಟ್ಟಿದ್ದರು. ರವಿಕೆ ಆಗಿ, ಜರಿಯಂಚಿನ ಒಂದು ಗೇಣು ಚೂರು ಉಳಿದಿತ್ತು. ದೊಡ್ಡಮ್ಮ ಗುಂಡಿ ತರಲು ಕುಂದಾಪುರಕ್ಕೆ ಹೋದ ದಿನ ಆ ಚೂರು ನನ್ನ ಕಣ್ಣಿಗೆ ಬಿತ್ತು. ಚಿಂದಿಯನ್ನು ಮದುಮಗಳು ಮಾಡಬೇಕೆಂಬ ಹುಚ್ಚು ಹತ್ತಿತು. ದೊಡ್ಡಮ್ಮ ನೋಡಿ ಶಹಭಾಸ್ ಅನ್ನಬೇಕು, ಅಷ್ಟೇ ನನ್ನ ಆಸೆ. ಮುಂಗಾಲಿಗೆ ಎರಡು ತೂತು, ಬೆನ್ನಿಗೆ ನೆರಿಗೆ, ಹೊಟ್ಟೆಯ ಕೆಳಗೆ ಕಟ್ಟಲು ನನ್ನ ಜಡೆಯ ಕೆಂಪು ರಿಬ್ಬನ್ನು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಆ ದಿನ ಆಟ ನನ್ನದು, ಪ್ರಾಣಸಂಕಟ ಬೆಕ್ಕಿನದು. ಎರಡು ಸಲ ನುಣುಚಿಕೊಂಡಿತು. ಮೂರನೆಯ ಸಲ ನಾನು ಹಲ್ಲು ಕಚ್ಚಿ ಗಂಟಿನ ಮೇಲೆ ಗಂಟು ಹಾಕಿದೆ. ಅಷ್ಟರಲ್ಲಿ ರಸ್ತೆಯಲ್ಲಿ ಲಾರಿಯೊಂದು ಹಾರ್ನ್ ಹೊಡೆಯಿತು. ಚಿಂದಿ ನನ್ನ ಕೈ ಪರಚಿ, ಹಸಿರು ರೇಷ್ಮೆಯ ಸಮೇತ ಹೆದ್ದಾರಿ ದಾಟಿ, ಗಾಳಿಮರಗಳ ನಡುವೆ ಕಡಲಿನ ಕಡೆ ಓಡಿತು. ಮರಳಿನ ಮೇಲೆ ಹಸಿರು ಚುಕ್ಕಿಯೊಂದು ಹೋಗುತ್ತಿದ್ದುದೇ ನಾನು ಅದನ್ನು ಕಂಡದ್ದು ಕೊನೆ.

ಯಾರಿಗೂ ಹೇಳಲಿಲ್ಲ. ಗಿರಾಕಿಯ ಚೂರನ್ನು ಕದ್ದಿದ್ದೆ, ಹೇಗೆ ಹೇಳಲಿ? ಕಳ್ಳನ ಮನಸ್ಸು ಹುಳ್ಳುಳ್ಳಗೆ. ಒಣಮೀನು ಹಿಡಿದು ಗಾಳಿಮರಗಳ ನಡುವೆ ಚಿಂದಿಯನ್ನು ಕರೆಯುತ್ತಾ ತಿರುಗಿದೆ. ಆ ಗಂಟು ಪೊದೆಗೆ ಸಿಕ್ಕಿ, ಬೆಕ್ಕು ಎಲ್ಲೋ ನೇತಾಡುತ್ತಿದೆ ಎಂಬ ಚಿತ್ರ ಕಣ್ಣು ಮುಚ್ಚಿದರೂ ತೆರೆದರೂ ಹೋಗಲಿಲ್ಲ. ದೊಡ್ಡಮ್ಮ ಅಂಗಳದ ಅಂಚಿನಲ್ಲಿ ನಿಂತು ಮೂರು ಸಂಜೆ “ಚಿಂದೀ, ಬಾ ಬಾ” ಎಂದು ಕರೆದಳು. ನಾಲ್ಕನೆಯ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವಳು ಹೊರಗಿನಿಂದ ಬರುತ್ತಿದ್ದಳು. ಸೀರೆಯಂಚಿಗೆ ಮರಳು, ಸೊಂಟದಲ್ಲಿ ಆ ಕತ್ತರಿ. “ಎಲ್ಲಿಗ್ ಹೋದ್ದ್?” ಎಂದು ಅಮ್ಮ ಕೇಳಿದರೆ “ಕಡ್ಲ್ ಬದಿಗ್” ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದಳು. ಅಂದಿನಿಂದ ಅವಳು ಚಿಂದಿಯನ್ನು ಕರೆಯುವುದು ನಿಲ್ಲಿಸಿದಳು. ಆದರೆ ಹಿತ್ತಿಲ ಮೆಟ್ಟಿಲ ಮೇಲೆ ಗೆರಟೆಯಲ್ಲಿ ಅನ್ನ ಮೀನು ಇಡುವುದನ್ನು ಬಹಳ ದಿನ ನಿಲ್ಲಿಸಲಿಲ್ಲ.

ಅದೇ ಮಧ್ಯಾಹ್ನ ನನ್ನನ್ನು ಯಂತ್ರದ ಪಕ್ಕ ಕೂರಿಸಿಕೊಂಡು ಒಂದು ತುಂಡು ದಾರ ಕೊಟ್ಟಳು. ಒಂದು ಗಂಟು ಕಲಿಸಿದಳು. ನೋಡಲು ಬಿಗಿ, ಬಾಲ ಹಿಡಿದು ಎಳೆದರೆ ಒಂದೇ ಎಳೆತಕ್ಕೆ ಬಿಚ್ಚುವಂಥದ್ದು. “ಮಗಾ, ಕಟ್ಟುಕೆ ಯಾರಿಗೂ ಬತ್ತ್. ಜೀವ ಇಪ್ಪದ್ಕೆ ಕಟ್ಟುದಾದ್ರೆ ಒಂದ್ ಎಳ್ದ್ರೆ ಬಿಚ್ಚಿ ಬರ್ಕ್” ಎಂದಳು. ಇಪ್ಪತ್ತು ಸಲ ಕಟ್ಟಿಸಿದಳು, ಇಪ್ಪತ್ತು ಸಲ ಬಿಚ್ಚಿಸಿದಳು. ಹೊಲಿಗೆ ಪಾಠವೆಂದುಕೊಂಡೆ ನಾನು. ಮಗುವಿನ ಅಂಗಿಗೆ ದಾರ ಕಟ್ಟುವುದನ್ನು ಹೇಳಿಕೊಡುತ್ತಿದ್ದಾಳೆ ಎಂದುಕೊಂಡೆ. ಮರುವಾರ ಹಾಲಾಡಿಯ ಹೆಂಗಸು ಬಂದು “ಉಳ್ದ ಚೂರ್ ಎಲ್ಲಿತ್ತ್ ಅಕ್ಕಾ?” ಎಂದಾಗ ನಾನು ಕಂಬಕ್ಕೆ ಅಂಟಿಕೊಂಡು ನಿಂತಿದ್ದೆ. ದೊಡ್ಡಮ್ಮ ನನ್ನ ಕಡೆ ತಿರುಗಲೂ ಇಲ್ಲ. “ಬೆಕ್ಕ್ ಎಳ್ಕಂಡ್ ಹೋಯ್ತ್ ಮಾರಾಯ್ತಿ. ಜಾಗ್ರತಿ ಮಾಡದ್ದ್ ನಂದೇ ತಪ್ಪ್” ಎಂದು, ತನ್ನ ಮದುವೆ ಸೀರೆಯ ಸೆರಗಿನಿಂದ ಒಂದು ಗೇಣು ಜರಿ ಕತ್ತರಿಸಿ ಅವರ ಕೈಗಿಟ್ಟಳು. ಅವಳಿಗೇನೂ ತಿಳಿದಿಲ್ಲ, ಬಾಯಿಗೆ ಬಂದ ನೆಪ ಹೇಳಿ ಪಾರಾದಳು ಎಂದು ನಾನು ಉಸಿರು ಬಿಟ್ಟೆ.

ಆ ಮನೆ ಈಗ ಇಲ್ಲ. ಹೆದ್ದಾರಿ ಅಗಲವಾದಾಗ ಚಾವಡಿ, ಕೆಂಪು ನೆಲ, ಹಿತ್ತಿಲ ಮೆಟ್ಟಿಲು ಎಲ್ಲ ಹೋದವು. ಸೀಮೆಸುಣ್ಣದ ಕಮಾನುಗಳಿದ್ದ ಜಾಗದ ಮೇಲೆ ಬಸ್ಸುಗಳು ಓಡುತ್ತವೆ. ಬೈಂದೂರಿಗೆ ಹೋಗುವಾಗಲೆಲ್ಲ ನಾನು ಇಲ್ಲೇ, ಅಲ್ಲ ಇನ್ನೂ ಮುಂದೆ, ಎಂದು ಕಿಟಕಿಯಿಂದ ಕತ್ತು ಚಾಚುತ್ತೇನೆ. ಅಷ್ಟರಲ್ಲಿ ಬಸ್ಸು ದಾಟಿರುತ್ತದೆ. ದೊಡ್ಡಮ್ಮ ಯಡ್ತರೆಯ ನಮ್ಮ ಸೋದರಮಾವನ ಮನೆಯಲ್ಲಿ ಕೊನೆಯ ವರ್ಷಗಳನ್ನು ಕಳೆದು, ಎಂಟು ವರ್ಷದ ಹಿಂದೆ ಹೋದಳು. ಕಣ್ಣು ಮಂಜಾದ ಮೇಲೂ ನನ್ನ ಸೆರಗು ಹಿಡಿದು ಬಟ್ಟೆಯ ನೇಯ್ಗೆ ಮುಟ್ಟಿ ನೋಡುತ್ತಿದ್ದಳು. ಎಷ್ಟು ಸಲ ಅವಳ ಮಂಚದ ಪಕ್ಕ ಕೂತು, ದೊಡ್ಡಮ್ಮ, ಚಿಂದಿಯನ್ನು ಕೊಂದದ್ದು ನಾನು ಎಂದು ಹೇಳಲು ಬಾಯಿ ತೆರೆದಿದ್ದೇನೆ! ಕೊನೆಗೆ ಕಿತ್ತಳೆ ತಂದಿದ್ದೇನೆ, ಸುಲಿದು ಕೊಡಲೇ ಎಂದು ಕೇಳಿ ಎದ್ದು ಬರುತ್ತಿದ್ದೆ. ಹಾದಿಯಲ್ಲಿ ಮೂರು ಬಣ್ಣದ ಬೆಕ್ಕು ಕಂಡರೆ ಇವತ್ತಿಗೂ ನಿಂತು ನೋಡುತ್ತೇನೆ. ಬೆಕ್ಕುಗಳ ಆಯಸ್ಸು ನನಗೆ ಗೊತ್ತಿಲ್ಲವೇ? ಗೊತ್ತಿದೆ. ಆದರೂ ನಿಲ್ಲುತ್ತೇನೆ.

ಬ್ರಹ್ಮಾವರದಲ್ಲಿರುವ ನನ್ನ ಬಸುರಿ ಮಗಳಿಗೆ ಈಗ ಏಳು ತಿಂಗಳು. ಹುಟ್ಟಿದ ಮಗುವನ್ನು ಹೊಸ ಬಟ್ಟೆಯ ಮೇಲೆ ಮಲಗಿಸುವುದಿಲ್ಲ ನಾವು. ಹಿರಿಯ ಹೆಂಗಸರು ಉಟ್ಟು ಒಗೆದು ಮೆತ್ತಗಾದ ಸೀರೆಯೇ ಆಗಬೇಕು. ಅದಕ್ಕೆಂದು ಕಳೆದ ತಿಂಗಳು ದೊಡ್ಡಮ್ಮನ ಹೊದಿಕೆ ಹೊರತೆಗೆದೆ. ನನ್ನ ಮದುವೆಗೆ ಅವಳು ಕೊಟ್ಟದ್ದು ಅದೊಂದೇ. ನಾನು ಹೊದ್ದದ್ದು, ನನ್ನ ಮಗಳು ಮಲಗಿದ್ದು. ಒಳಪದರದ ಸೀರೆಗಳು ಇನ್ನೂ ಚೆನ್ನಾಗಿರಬಹುದೆಂದು ಒಂದು ಬದಿಯ ಹೊಲಿಗೆ ಬಿಚ್ಚಿದೆ. ಎರಡನೆಯ ಪದರದ ಕೆಳಗೆ, ನಟ್ಟನಡುವೆ, ಚಪ್ಪಟೆಯಾಗಿ ಹಾಸಿ ನಾಲ್ಕು ಮೂಲೆಗೆ ಟಾಕು ಹಾಕಿದ್ದ ಗಿಳಿಹಸಿರು ಬಟ್ಟೆಯೊಂದು ಕಂಡಿತು. ಮುಂಗಾಲಿನ ಎರಡು ತೂತು. ಒಂಬತ್ತು ವರ್ಷದ ಹುಡುಗಿಯ ಸೊಟ್ಟ ಹೊಲಿಗೆ. ಕೆಂಪು ರಿಬ್ಬನ್ನು, ಅದರ ಮೇಲೆ ನನ್ನ ಗಂಟು, ಹಾಕಿದ ಹಾಗೇ. ಗಂಟನ್ನು ಯಾರೂ ಬಿಚ್ಚಿರಲಿಲ್ಲ. ಅದರ ಪಕ್ಕದಲ್ಲಿ ರಿಬ್ಬನ್ನು ಕತ್ತರಿಗೆ ಸಿಕ್ಕಿ ತುಂಡಾಗಿತ್ತು, ಆ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಸಣ್ಣದೊಂದು ಕಚ್ಚು ಇತ್ತು.

ಅವಳಿಗೆ ಎಲ್ಲ ಗೊತ್ತಿತ್ತು. ಆ ಮಧ್ಯಾಹ್ನ ದಾರ ಕೊಡುವಾಗ ಗೊತ್ತಿತ್ತು, ಮದುವೆ ಸೀರೆಗೆ ಕತ್ತರಿ ಹಾಕುವಾಗ ಗೊತ್ತಿತ್ತು, ಯಡ್ತರೆಯಲ್ಲಿ ನನ್ನ ಕೈಯಿಂದ ಕಿತ್ತಳೆ ತೊಳೆ ತಿನ್ನುವಾಗಲೂ ಗೊತ್ತಿತ್ತು. ಆದರೆ ಆ ಬೆಳಿಗ್ಗೆ ಕಡಲ ಬದಿಯಲ್ಲಿ ರಿಬ್ಬನ್ನು ಕತ್ತರಿಸಿದ್ದು ಉಸಿರಾಡುವ ಬೆಕ್ಕಿನ ಹೊಟ್ಟೆಯಿಂದಲೋ, ತಣ್ಣಗಾದ ಬೆಕ್ಕಿನ ಹೊಟ್ಟೆಯಿಂದಲೋ? ಕರೆಯುವುದು ನಿಲ್ಲಿಸಿದ್ದನ್ನು ನೆನೆದರೆ ಸತ್ತಿತ್ತು ಅನ್ನಿಸುತ್ತದೆ. ಮೆಟ್ಟಿಲ ಮೇಲಿನ ಗೆರಟೆಯ ಅನ್ನ ನೆನೆದರೆ, ಇಲ್ಲ, ಬಿಡಿಸಿಕೊಂಡು ಓಡಿಹೋಯಿತು ಅನ್ನಿಸುತ್ತದೆ. ಒಂದು ತಿಂಗಳಿನಿಂದ ಇವೆರಡರ ನಡುವೆ ಓಡಾಡುತ್ತಿದ್ದೇನೆ. ಕೇಳೋಣವೆಂದರೆ ಅವಳಿಲ್ಲ. ಕೇಳಬಹುದಾಗಿದ್ದ ಇಪ್ಪತ್ತೇಳು ವರ್ಷ ನಾನು ಸುಮ್ಮನಿದ್ದೆ.

ಮೊನ್ನೆ ಮಗಳು ಬಂದವಳು ಆ ಚೂರನ್ನು ಎತ್ತಿ “ಇದೆಂತ ಅಮ್ಮಾ?” ಎಂದಳು. “ಬೆಕ್ಕಿನ ಅಂಗಿ” ಎಂದೆ, ಮತ್ತೆ ಮೊದಲಿನಿಂದ ಕೊನೆಯವರೆಗೆ ಹೇಳಿದೆ, ಜೀವನದಲ್ಲಿ ಮೊದಲ ಸಲ. ನಗುತ್ತಾ ಕೇಳಲು ಶುರು ಮಾಡಿದವಳು ನಡುವೆ ನಗು ನಿಲ್ಲಿಸಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಳು. ಆಮೇಲೆ, “ಇದ್ನ ಪಾಪುವಿನ ಹಾಸಿಗೆ ಒಳ್ಗೇ ಇಡ್, ತೆಗಿಬೇಡ” ಎಂದಳು. ಹಾಗೇ ಮಾಡಿದ್ದೇನೆ. ದೊಡ್ಡಮ್ಮನ ಸೀರೆಯ ಕೆಳಗೆ, ನಟ್ಟನಡುವೆ, ನಾಲ್ಕು ಮೂಲೆಗೆ ಟಾಕು. ಗಂಟು ಬಿಚ್ಚಲು ಸೂಜಿ ಹಿಡಿದದ್ದು ನಿಜ, ಬಿಚ್ಚಲು ಮನಸ್ಸು ಬರಲಿಲ್ಲ.

ಈಗ ಗೆರಟೆಯ ಘಾಟು ಇಳಿಯುತ್ತಿದೆ. ಎದುರಿಗೆ ಯಾರದೋ ಬೆಕ್ಕಿನ ಕೊರಳಪಟ್ಟಿ ಇದೆ, ಸಂಜೆಗೆ ಕೊಡಬೇಕು. ದಾರ ಕಟ್ಟುತ್ತೇನೆ, ಬಾಲ ಹಿಡಿದು ಎಳೆಯುತ್ತೇನೆ, ಬಿಚ್ಚುತ್ತದೆ. ನಂಬಿಕೆ ಬರುವುದಿಲ್ಲ. ಮತ್ತೆ ಕಟ್ಟುತ್ತೇನೆ, ಮತ್ತೆ ಎಳೆಯುತ್ತೇನೆ.