ತಾವರೆಯ ಅಚ್ಚು

ನನ್ನ ಹೆಂಡತಿ ಸೋಪು ಒತ್ತುವುದು ಅರಸೀಕೆರೆಯ ನಮ್ಮ ಮನೆಯ ಹಿಂದಿನ ಶೀಟಿನ ಷೆಡ್ಡಿನಲ್ಲಿ. ಕಾರಿನ ಜಾಕೊಂದನ್ನು ಕಬ್ಬಿಣದ ಚೌಕಟ್ಟಿಗೆ ಕೂರಿಸಿ ಮಾಡಿದ ಪ್ರೆಸ್ಸು, ಅದರ ಕೆಳಗೆ ಅಚ್ಚು. ಅಚ್ಚಿಗೆ ಮೂರು ಭಾಗ: ತಳ, ಸುತ್ತಿನ ಚೌಕ, ಮೇಲಿನ ಮುಚ್ಚಳ. ಚಿತ್ರ ಕೊರೆದಿರುವುದು ಮುಚ್ಚಳದ ಒಳಮೈಯಲ್ಲಿ. ಗಂಡಸಿಯ ಗಾಣದಿಂದ ತಂದ ಕೊಬ್ಬರಿ ಎಣ್ಣೆಯಲ್ಲಿ ಮಾಡಿದ ಸೋಪಿನ ಗಟ್ಟಿಯನ್ನು ತಂತಿಯಿಂದ ಬಿಲ್ಲೆಗಳಾಗಿ ಕತ್ತರಿಸಿ, ಅಚ್ಚಿಗೆ ಉಪ್ಪುನೀರು ಸವರಿ, ಬಿಲ್ಲೆ ಇಟ್ಟು ಜಾಕಿನ ಹಿಡಿ ಒತ್ತಿದರೆ ಚಿತ್ರ ಮೂಡುತ್ತದೆ. ಬಿಲ್ಲೆ ಹೆಚ್ಚು ಒಣಗಿದ್ದರೆ ಅಂಚು ಬಿರಿಯುತ್ತದೆ. ಹಸಿಯಾಗಿದ್ದರೆ ಚಿತ್ರವೇ ಅಚ್ಚಿಗೆ ಅಂಟಿಕೊಂಡು ಕಿತ್ತು ಬರುತ್ತದೆ. ಆ ಹದ ಅವಳ ಹೆಬ್ಬೆರಳಿಗೆ ಗೊತ್ತು. ನಾನು ಪತ್ರಿಕೆಯ ವರದಿಗಾರ. ಎಷ್ಟು ಸಲ ಒತ್ತಿ ನೋಡಿದರೂ ನನಗೆ ಗೊತ್ತಾಗಿಲ್ಲ.

ಮದುವೆಗೆ, ನಾಮಕರಣಕ್ಕೆ ಬಂದವರ ಕೈಗೆ ಕೊಡಲು ಜನ ತಮ್ಮ ಇಷ್ಟದ ಚಿತ್ರವಿರುವ ಸೋಪು ಮಾಡಿಸುತ್ತಾರೆ. ಹೋದ ವರ್ಷ ಹಳೇಬೀಡಿನ ಕಡೆಯ ಜೈನ ಮನೆತನದ ಹಿರಿಯ ಹೆಂಗಸೊಬ್ಬರು ಬಂದರು. ಅವರ ಸೊಸೆ ಹಿಡಿದಿದ್ದ ನೋಂಪಿ ಮುಗಿಯುವುದರಲ್ಲಿತ್ತು. ವ್ರತ ಪೂರೈಸಿ ಉದ್ಯಾಪನೆ ಮಾಡುವ ದಿನ ಬಂದ ಹೆಂಗಸರಿಗೆಲ್ಲ ಏನಾದರೊಂದು ಕೊಡುವುದು ವಾಡಿಕೆ. ಈ ಸಲ ಸೋಪು ಕೊಡೋಣವೆಂದು ಅವರ ಮನಸ್ಸಿಗೆ ಬಂದಿತ್ತು. ಷೆಡ್ಡಿನಲ್ಲಿ ಏನನ್ನೂ ಮುಟ್ಟದೆ ಎಲ್ಲವನ್ನೂ ನೋಡಿದರು. ಒಂದೊಂದೇ ಡಬ್ಬಿಯ ಮುಚ್ಚಳ ತೆಗೆಸಿದರು.

"ಜೇನು ಹಾಕ್ತೀಯೇನಮ್ಮ?"

"ಕೆಲವಕ್ಕೆ ಹಾಕ್ತೀನಮ್ಮ. ನಿಮ್ಮದಕ್ಕೆ ಇಲ್ಲ."

"ಅಂಗಡಿ ಸೋಪಲ್ಲಿ ಕೊಬ್ಬು ಇರತ್ತೆ ಅಂತಾರೆ. ಅದಕ್ಕೇ ಇಷ್ಟು ದೂರ ಬಂದಿದ್ದು."

"ಪ್ರಾಣಿದು ಅಂತ ಒಂದು ಕಣವೂ ನಿಮ್ಮ ಸೋಪಿನ ಹತ್ತಿರ ಬರಲ್ಲ. ನನ್ನ ಮಾತು ನಂಬಿ."

ದೇವರ ಗುರುತು ಯಾವುದೂ ಬೇಡವೆಂದರು. "ಮೈ ತೊಳೆಯೋದರ ಮೇಲೆ ಅದೆಲ್ಲ ಯಾಕೆ? ಒಂದು ತಾವರೆ ಇರಲಿ, ಸಾಕು."

ಇದ್ದ ಅಲ್ಯೂಮಿನಿಯಂ ತಾವರೆ ಅಚ್ಚಿನ ಎಸಳುಗಳು ಸವೆದು ಎಲೆಕೋಸಿನಂತೆ ಕಾಣತೊಡಗಿದ್ದವು. ಹೊಸದನ್ನು ಕಬ್ಬಿಣದಲ್ಲೇ ಮಾಡಿಸೋಣವೆಂದು ಅವಳು ಸ್ಟೇಷನ್ ಹಿಂದಿನ ಬೀದಿಯ ಲೇತ್ ಅಂಗಡಿಯವನಿಗೆ ಹೇಳಿದಳು. ಅವನು ತಳ ಮತ್ತು ಚೌಕವನ್ನು ಲೇತಿನಲ್ಲಿ ತೆಗೆದು, ತಾವರೆಯನ್ನು ಸಣ್ಣ ಉಳಿಯಲ್ಲಿ ಕೈಯಿಂದಲೇ ಕೊರೆದುಕೊಟ್ಟ. ಒತ್ತಿದ ಮೊದಲ ಬಿಲ್ಲೆಯಲ್ಲೇ ಎಸಳಿನ ಗೀರುಗಳೂ ಎದ್ದು ಬಂದವು. ಅವಳು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುತ್ತಿದ್ದಳು.

ಎಲ್ಲ ಒತ್ತಿ ಮುಗಿದು, ಬಿದಿರಿನ ತಟ್ಟೆಗಳಲ್ಲಿ ಜೋಡಿಸಿಟ್ಟ ಮೇಲೆ ಲೇತಿನವನು ತನ್ನ ಕೆಲಸ ನೋಡಲು ಬಂದ.

"ಏನ್ ಸಾರ್, ನನ್ನ ಅಚ್ಚಿನ ಫೋಟೋ ಪೇಪರ್ನಾಗೆ ಹಾಕಲ್ವಾ?"

"ಹಾಕಿದ್ರೆ ನೀನು ಲೇತ್ ಬಿಟ್ಟು ಎಲೆಕ್ಷನ್ನಿಗೆ ನಿಲ್ತೀಯ."

ಅವನು ನಕ್ಕು ಅಚ್ಚನ್ನು ಕೈಗೆತ್ತಿಕೊಂಡ. "ಇದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಸವೆಯಲ್ಲಕ್ಕ. ನಮ್ಮಪ್ಪನ ಹದ ಕೊಟ್ಟಿದ್ದೀನಿ. ಕೊಂಬು, ಗೊರಸು, ಮೂಳೆ ಸುಟ್ಟು ಪುಡಿ ಮಾಡಿ, ಕಬ್ಬಿಣದ ಡಬ್ಬೀಲಿ ತುಂಬಿ, ಅದ್ರೊಳಗೆ ಅಚ್ಚು ಹೂತು, ಮೇಲೆ ಮಣ್ಣು ಮೆತ್ತಿ ಕುಲುಮೆಗಿಟ್ಟೆ. ಕೆಂಪಗೆ ಕಾದ ಮೇಲೆ ತೆಗ್ದು ನೀರಿಗೆ ಹಾಕೋದು. ಮೈ ಕಲ್ಲಾಗ್ತೈತೆ. ಅಪ್ಪ ಹಳೇಬೀಡು ಸಂತೆಗೆ ಒಯ್ತಿದ್ದ ಮಚ್ಚು, ಈಳಿಗೆ ಎಲ್ಲಾ ಹಿಂಗೇ ಮಾಡಿದ್ದು." ಮುಚ್ಚಳವನ್ನು ಮಗುಚಿ ಹಿಂಬದಿ ತೋರಿಸಿದ. ತ್ರಿಕೋನವಾಗಿ ಮೂರು ಚುಕ್ಕಿ. "ಅಪ್ಪನ ಗುರುತು. ಈ ಹದ ಕೊಟ್ಟ ಸಾಮಾನಿಗೆ ಮಾತ್ರ ಹೊಡೀತಿದ್ದ. ನಾನೂ ಹೊಡ್ದಿದ್ದೀನಿ."

ನನ್ನ ಹೆಂಡತಿ ಹಿಂದಕ್ಕೆ ಕೈಯಾಡಿಸಿ ಸ್ಟೂಲು ಹುಡುಕಿ ಕುಳಿತಳು. ಅವಳ ಮುಖದ ಬಣ್ಣ ಇಳಿದದ್ದು ನನಗೆ ಕಾಣಿಸಿತು. ಅಪಘಾತದ ಸುದ್ದಿ ತಲುಪಿಸಲು ಎಷ್ಟೋ ಮನೆಗಳ ಬಾಗಿಲಿಗೆ ಹೋದವನು ನಾನು. ಆ ಬಣ್ಣವನ್ನು ಅಲ್ಲಿ ಕಂಡಿದ್ದೆ, ಸೋಪಿನ ಷೆಡ್ಡಿನಲ್ಲಿ ಕಾಣುತ್ತೇನೆಂದುಕೊಂಡಿರಲಿಲ್ಲ.

ಅವನು ಹೋದ ಮೇಲೆ ನಾನು ತಿಳಿದಷ್ಟು ಹೇಳಿದೆ. ಆ ಪುಡಿ ಸೋಪಿಗೆ ಬಿದ್ದಿಲ್ಲ. ಅಚ್ಚನ್ನು ತೊಳೆದು, ಉಜ್ಜಿ, ಪಾಲಿಶ್ ಮಾಡಿ ತಂದದ್ದು. ಪರೀಕ್ಷೆ ಮಾಡಿಸಿದರೂ ಸೋಪಿನಲ್ಲಿ ಏನೂ ಸಿಗುವುದಿಲ್ಲ.

"ನಾನು 'ಹತ್ತಿರ' ಅಂದಿದ್ದೆ," ಎಂದಳು. "ಸೋಪಿನ ಒಳಗೆ ಅಂತ ಅಲ್ಲ, ಹತ್ತಿರ ಬರಲ್ಲ ಅಂದಿದ್ದೆ."

"ನೀನು ಹೇಳದಿದ್ರೆ ಅವರಿಗೆ ಗೊತ್ತಾಗಲ್ಲ."

"ನನಗೆ ಗೊತ್ತಲ್ಲ."

ಮಾರನೆಯ ದಿನ ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ಹಳೇಬೀಡಿಗೆ ಹೊರಟೆವು. ಅವಳ ಮಡಿಲಲ್ಲಿ ಬಟ್ಟೆ ಸುತ್ತಿದ ಅಚ್ಚು ಮತ್ತು ಒಂದು ಬಿಲ್ಲೆ. ಈ ಕೆಲಸ ಕೈತಪ್ಪುವುದು ಅವಳಿಗೆ ದೊಡ್ಡದಾಗಿರಲಿಲ್ಲ. ಅವಳ ಮಾತನ್ನು ನಂಬಿ ಒಬ್ಬರು ವ್ರತ ಮುಗಿಸಲು ಕುಳಿತಿದ್ದಾರೆ, ಆ ಮಾತು ಸುಳ್ಳಾಯಿತು ಎಂಬುದೇ ಅವಳನ್ನು ಕೊರೆಯುತ್ತಿತ್ತು.

ಆ ಹಿರಿಯರು ಒಳಾಂಗಳದಲ್ಲಿ ಕೂತು ಈಳಿಗೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದರು. ನಲ್ಲಿಯ ಬಾಯಿಗೆ ಸೋಸುವ ಬಿಳಿಬಟ್ಟೆ ಕಟ್ಟಿತ್ತು. "ಬನ್ನಿ ಬನ್ನಿ, ಇಷ್ಟು ಬೇಗ ಆಯ್ತಾ?" ಎಂದು ಸೊಸೆಗೆ ಚಾಪೆ ಹಾಕಲು ಹೇಳಿದರು. ನನ್ನ ಹೆಂಡತಿ ಕೂರುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟಳು. ಲೇತಿನವನು ಅಪ್ಪನಿಂದ ಕಲಿತ ಹದ, ಕೊಂಬು, ಗೊರಸು, ಮೂಳೆ, ಡಬ್ಬಿ, ಕುಲುಮೆ. ಏನನ್ನೂ ಮೆದುಗೊಳಿಸಲಿಲ್ಲ. ಅವರ ಕೈ ನಿಂತಿತು.

"ನಿನಗೆ ಯಾವಾಗ ಗೊತ್ತಾಯ್ತು?"

"ನಿನ್ನೆ."

"ಎಲ್ಲಿ, ತೋರಿಸು."

ಬಟ್ಟೆ ಬಿಚ್ಚಿ ಅಚ್ಚಿನ ಮುಚ್ಚಳವನ್ನು ತಾವರೆ ಮೇಲಾಗಿ ನೆಲದ ಮೇಲಿಟ್ಟಳು. ಅವರು ಮುಟ್ಟದೆ ಬಾಗಿ ತಾವರೆಯನ್ನು ನೋಡಿದರು. "ಚೆನ್ನಾಗೇ ಮಾಡಿದಾನೆ," ಎಂದರು. ಹಿಂಬದಿ ಹೇಗಿದೆ ಎಂದು ಕೇಳಿದರು. ಅವಳು ಮಗುಚಿದಳು.

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರ ಕಣ್ಣು ಮೂರು ಚುಕ್ಕಿಗಳ ಮೇಲೆ ನಿಂತಿತು. ಅಲ್ಲಿಂದ ನಿಧಾನವಾಗಿ ತಮ್ಮ ಮುಂದಿದ್ದ ಈಳಿಗೆಗೆ ಬಂತು. ನಾನೂ ನೋಡಿದೆ. ಅಲಗಿನ ಬುಡದಲ್ಲಿ, ಮಣೆಗೆ ಸೇರುವ ಕಡೆ, ತಿಕ್ಕಿ ತಿಕ್ಕಿ ಮಾಸಿದ ಮೂರು ಚುಕ್ಕಿ. ಈ ಮನೆಯಲ್ಲಿ ನೆಲದಡಿಯ ಗೆಡ್ಡೆ ಬೇಯಿಸುವುದಿಲ್ಲ, ಸೋಸದ ನೀರು ಒಲೆಗೆ ಹೋಗುವುದಿಲ್ಲ.

"ಇವನ ಅಪ್ಪ ಸಂತೆಗೆ ಬರ್ತಿದ್ನಾ?"

ನನ್ನ ಹೆಂಡತಿ ನನ್ನ ಕಡೆ ತಿರುಗಲಿಲ್ಲ. "ಬರ್ತಿದ್ರಂತಮ್ಮ. ಈಳಿಗೆಗೂ ಇದೇ ಹದವಂತೆ."

"ನಾನು ಮದುವೆಯಾಗಿ ಬಂದ ವರ್ಷ ತಗೊಂಡಿದ್ದು," ಎಂದರು ಅವರು. ದನಿ ಏರಲಿಲ್ಲ. ಸೊಸೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಅತ್ತೆ, ಮುನಿಗಳ ಆಹಾರಕ್ಕೂ ಇದರಲ್ಲೇ..." ಎಂದು ಶುರುಮಾಡಿ, ಅವರು ತಲೆಯೆತ್ತಿದ್ದು ನೋಡಿ ನಿಲ್ಲಿಸಿದಳು.

ಆಮೇಲೆ ಅವರು ಈಳಿಗೆಯನ್ನು ಗೋಡೆಯ ಕಡೆಗೆ ಸರಿಸಿದರು. ಹೆಚ್ಚಿದ ಹೋಳುಗಳನ್ನು ದನಕ್ಕೆ ಹಾಕಲು ಹೇಳಿದರು. ಉಳಿದಿದ್ದ ಸೌತೆಕಾಯಿಯನ್ನು ತೊಳೆದು, ಕೈಯಲ್ಲೇ ಮುರಿದು, ಉಪ್ಪು ಸವರಿ ನಮ್ಮಿಬ್ಬರಿಗೂ ಕೊಟ್ಟರು.

"ಗೊತ್ತಿಲ್ಲದೆ ಆಗಿದ್ದಕ್ಕೆ ನಾನು ಬಸದಿಯಲ್ಲಿ ಹೇಳ್ಕೋತೀನಿ," ಎಂದರು. "ಗೊತ್ತಾದ ಮೇಲೂ ಕೊಟ್ರೆ ಏನಂತ ಹೇಳ್ಕೊಳ್ಳಲಿ? ಆ ಸೋಪು ಬೇಡಮ್ಮ. ಅಚ್ಚಿಗೆ ಹೋಗದೇ ಇರೋದು ಏನಾದ್ರೂ ಇದೆಯಾ?"

ಬೇಲೂರಿನ ಅಂಗಡಿಗೆಂದು ಮಾಡಿದ್ದ, ಜೇನಿಲ್ಲದ ಗಟ್ಟಿಗಳು ಷೆಡ್ಡಿನಲ್ಲಿದ್ದವು. ಅವಳು ಹೇಳಿದಳು. "ಆದ್ರೆ ತಂತಿಯಲ್ಲಿ ಕೊಯ್ದ ಬೋಳು ಬಿಲ್ಲೆ ಆಗತ್ತೆ. ತಾವರೆ ಇರಲ್ಲ."

"ಬೋಳೇ ಇರಲಿ."

ಹೊರಡುವಾಗ ಈಳಿಗೆಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟರು. "ಬಿಸಾಕಕ್ಕೆ ಮನಸ್ಸು ಬರಲ್ಲ. ಅವರಪ್ಪನ ಕೈಯಿಂದ ಆಗಿದ್ದು, ಅವನಿಗೇ ಕೊಟ್ಬಿಡಿ. ಬೈಬೇಡಿ ಅವನನ್ನ."

ಬೋಳು ಬಿಲ್ಲೆಗಳು ಉದ್ಯಾಪನೆಗೆ ಹೋದವು. ತಾವರೆಯ ಬಿಲ್ಲೆಗಳನ್ನು ಅವಳು ಕೇಳಿದವರಿಗೆ ವಿಷಯ ತಿಳಿಸಿಯೇ ಮಾರಿದಳು.

ಲೇತ್ ಅಂಗಡಿಯಲ್ಲಿ ಸೀರೆಯ ತುಂಡು ಬಿಚ್ಚಿದಾಗ ಅವನು ಮೊದಲು ಚುಕ್ಕಿಗಳನ್ನು ನೋಡಿದ. ಮೆಷಿನ್ ಆಫ್ ಮಾಡಿದ. ಅವನಪ್ಪ ತೀರಿಹೋದಾಗ ಅವರು ಮಾಡಿದ್ದೊಂದೂ ಮನೆಯಲ್ಲಿ ಉಳಿದಿರಲಿಲ್ಲವಂತೆ. ಹೆಬ್ಬೆರಳಿನಿಂದ ಅಲಗು ಮುಟ್ಟಿ, "ಇನ್ನೂ ಹರಿತ ಐತೆ," ಎಂದ. ಎಲ್ಲಿ ಸಿಕ್ಕಿತು, ಯಾಕೆ ಬಂತು ಎಂದು ನನ್ನ ಹೆಂಡತಿ ಹೇಳುತ್ತಾ ಹೋದ ಹಾಗೆ ಅವನು ಈಳಿಗೆಯನ್ನು ಎದೆಗೆ ಹತ್ತಿರ ಹಿಡಿದುಕೊಂಡ.

"ನಾನು ಒಳ್ಳೇದಾಗ್ಲಿ ಅಂತ ಮಾಡ್ದೆ ಕಣಕ್ಕ. ಯಾರೂ ಬ್ಯಾಡ ಅಂದಿರ್ಲಿಲ್ಲ."

"ಗೊತ್ತು ಕಣಣ್ಣ."

ಅವನು ಬೆಂಚಿನ ಕೆಳಗೆ ಕೈಹಾಕಿ ಹಿತ್ತಾಳೆಯ ದಪ್ಪ ತುಂಡೊಂದನ್ನು ಎಳೆದು ಮೇಲಿಟ್ಟ.

"ಇದ್ರಾಗೆ ಕೊರ್ದು ಕೊಡ್ತೀನಿ. ಇದಕ್ಕೆ ಹದ ಬ್ಯಾಡ. ಬೇಗ ಸವೀತೈತೆ, ಸವೆದಾಗ ಇನ್ನೊಂದು ಮಾಡೋಣ." ಬಾಗಿಲವರೆಗೆ ಬಂದು ಕೇಳಿದ, "ಚುಕ್ಕಿ ಹೊಡೀಲಾ, ಬ್ಯಾಡ್ವಾ?"

"ಬೇಡ," ಎಂದಳು ಅವಳು.